ಡ್ರೋನ್ ಹವ್ಯಾಸಿಗಳಿಗೂ ಒಂದು ಬಯಲು ಕೊಡಿ

ಮಾನ್ಯ ಸಂಪಾದಕರೇ,

ಗಣಪತಿ ಮೆರವಣಿಗೆ, ಜಾತ್ರೆ, ಮಂತ್ರಿಗಳ ಭೇಟಿ ಅಂತ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ಒಂದು ಸಣ್ಣ ಸುದ್ದಿ ಬರುತ್ತದೆ. ‘ಡ್ರೋನ್ ಹಾರಾಟ ನಿಷೇಧ, ತಪ್ಪಿದರೆ ಕಠಿಣ ಕ್ರಮ.’ ಅಷ್ಟೇ. ಯಾವ ಜಾಗದಲ್ಲಿ, ಯಾವತ್ತು ಎಷ್ಟು ಗಂಟೆಯಿಂದ, ಯಾವತ್ತಿನವರೆಗೆ ಅನ್ನುವುದು ಎಷ್ಟೋ ಸಲ ಇರುವುದಿಲ್ಲ. ನಿಷೇಧ ಮುಗಿಯಿತು ಎಂಬ ಸುದ್ದಿಯನ್ನಂತೂ ನಾನು ನೋಡಿಲ್ಲ. ಹೀಗೆ ಓದುತ್ತಾ ಓದುತ್ತಾ ಜನರ ಮನಸ್ಸಿನಲ್ಲಿ ಡ್ರೋನ್ ಎಂದರೆ ಎಲ್ಲ ಕಡೆ, ಎಲ್ಲ ಕಾಲಕ್ಕೂ ನಿಷೇಧ ಎಂದು ಕೂತುಬಿಟ್ಟಿದೆ. ಪೊಲೀಸರಲ್ಲೂ ತುಂಬಾ ಜನ ಹಾಗೇ ತಿಳಿದಿದ್ದಾರೆ. ಇದು ಸರಿಯಲ್ಲ. ಅದನ್ನು ಹೇಳುವುದಕ್ಕೇ ಈ ಪತ್ರ.

ನಾನು ಶಿವಮೊಗ್ಗದವನು. ಡ್ರೋನ್ ಹಾರಿಸುವುದು ನನಗೆ ಹವ್ಯಾಸ, ದುಡಿಮೆಯಲ್ಲ. ಮದುವೆ ವಿಡಿಯೊ ತೆಗೆಯುವುದಿಲ್ಲ, ಔಷಧಿ ಹೊಡೆಯುವುದಿಲ್ಲ. ಕೈಯಾರೆ ಕಟ್ಟಿದ್ದು ನೆಲ ಬಿಟ್ಟು ಮೇಲೇಳುವುದನ್ನು ನೋಡುವ ಖುಷಿಗೆ ಹಾರಿಸುತ್ತೇನೆ. ನಡುವೆ ಹಲವು ವರ್ಷ ಬಿಟ್ಟಿದ್ದೆ. ಈಗ ಮತ್ತೆ ಶುರು ಮಾಡಿದ್ದೇನೆ. ಬಿಟ್ಟಾಗ ಇದ್ದ ಕಾನೂನು, ಸಾಮಾನು, ಬಯಲು ಯಾವುದೂ ಈಗ ಹಾಗೇ ಉಳಿದಿಲ್ಲ. ನನ್ನ ಹಾಗೆ ಅಟ್ಟದ ಮೇಲಿನ ಡಬ್ಬ ಇಳಿಸಿ ಧೂಳು ಒರೆಸುತ್ತಿರುವವರು ಬೇರೆ ಊರುಗಳಲ್ಲೂ ಇರುತ್ತಾರೆ. ಅವರಿಗೂ ಉಪಯೋಗ ಆಗಲಿ ಅಂತ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಾವು ಶುರು ಮಾಡಿದ ಕಾಲದಲ್ಲಿ ಅಂಗಡಿಗೆ ಹೋಗಿ ಡ್ರೋನ್ ಕೊಡಿ ಎಂದು ಕೇಳುವ ಹಾಗಿರಲಿಲ್ಲ. ಎಫ್450 ಅನ್ನುವ ಪ್ಲಾಸ್ಟಿಕ್ ಚೌಕಟ್ಟು, ಅದಕ್ಕೆ ನಾಲ್ಕು ಮೋಟಾರು, ಪ್ರತಿ ಮೋಟಾರಿಗೆ ಅದರ ವೇಗ ಹಿಡಿತದಲ್ಲಿಡುವ ಒಂದೊಂದು ಇಎಸ್‌ಸಿ, ನಡುವೆ ಎಲ್ಲವನ್ನೂ ನಿಯಂತ್ರಿಸುವ ಕೆಕೆ2 ಬೋರ್ಡು. ಎಲ್ಲವನ್ನೂ ಬಿಡಿಬಿಡಿಯಾಗಿ ಕೊರಿಯರ್‌ನಲ್ಲಿ ತರಿಸಿ ಮನೆಯ ಜಗಲಿಯಲ್ಲಿ ಕೂತು ಬೆಸುಗೆ ಹಾಕುತ್ತಿದ್ದೆವು. ಜಿಪಿಎಸ್ ಇರಲಿಲ್ಲ. ಕೈ ಬಿಟ್ಟರೆ ಗಾಳಿ ಎತ್ತ ಬೀಸಿತೋ ಅತ್ತ ಹೋಗುತ್ತಿತ್ತು. ನಾಲ್ಕು ಮೋಟಾರಿನಲ್ಲಿ ಎರಡು ಒಂದು ಕಡೆ, ಎರಡು ಅದರ ವಿರುದ್ಧ ಕಡೆ ಯಾಕೆ ತಿರುಗಬೇಕು, ಒಂದರ ವೇಗ ಜಾಸ್ತಿಯಾದರೆ ಏನಾಗುತ್ತದೆ, ಬ್ಯಾಟರಿ ತಣ್ಣಗಿದ್ದಾಗ ಶಕ್ತಿ ಯಾಕೆ ಕಮ್ಮಿ, ಇದೆಲ್ಲ ಅಲ್ಲೇ ಕಲಿತದ್ದು. ಡಿಪ್ಲೊಮಾ ಓದುತ್ತಿದ್ದ ಹುಡುಗರು ಸಂಜೆ ಬಂದು ಕೂರುತ್ತಿದ್ದರು. ಕಾಲೇಜಿನಲ್ಲಿ ಬರೀ ಸೂತ್ರವಾಗಿದ್ದದ್ದು ಜಗಲಿಯಲ್ಲಿ ಅವರಿಗೆ ಅರ್ಥವಾಗುತ್ತಿತ್ತು. ಅವರಲ್ಲಿ ಕೆಲವರು ಈಗ ಬೆಂಗಳೂರಿನ ಡ್ರೋನ್ ಕಂಪನಿಗಳಲ್ಲೇ ಕೆಲಸದಲ್ಲಿದ್ದಾರೆ.

ಆಗಲೂ ಕಾನೂನು ಇರಲಿಲ್ಲ ಅಂತಲ್ಲ. 2014ರ ಅಕ್ಟೋಬರ್ 7ರಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಒಂದು ಪ್ರಕಟಣೆ ಹೊರಡಿಸಿತ್ತು. ನಿಯಮ ರೂಪಿಸುವವರೆಗೆ ಯಾರೂ ಹಾರಿಸಬೇಡಿ ಎಂದು ಅದರ ತಿರುಳು. ಆದರೆ ಆ ಪ್ರಕಟಣೆ ನಮ್ಮ ಕಡೆ ಯಾರಿಗೂ ತಲುಪಿರಲಿಲ್ಲ. ಆಮೇಲೆ 2018ರ ಡಿಸೆಂಬರ್ 1ರಿಂದ ಮೊದಲ ಸಲ ದೊಡ್ಡ ಮಟ್ಟದ ನಿಯಮ ಜಾರಿಗೆ ಬಂತು. ಅದರಲ್ಲಿ ‘ಅನುಮತಿ ಇಲ್ಲದಿದ್ದರೆ ಹಾರಾಟ ಇಲ್ಲ’ ಅನ್ನುವ ಒಂದು ವ್ಯವಸ್ಥೆ ಇತ್ತು. ಆನ್‌ಲೈನ್‌ನಲ್ಲಿ ಅನುಮತಿ ಸಿಗುವವರೆಗೆ ಡ್ರೋನ್ ತಾನೇ ಮೇಲೇಳಬಾರದು, ಅದರೊಳಗಿನ ತಂತ್ರಾಂಶವೇ ತಡೆಯಬೇಕು. ಮನೆಯಲ್ಲಿ ಕಟ್ಟಿದ ಡ್ರೋನ್‌ಗೆ ಅಂಥ ತಂತ್ರಾಂಶ ಎಲ್ಲಿಂದ ತರುವುದು? ಅದೇ ಹೊತ್ತಿಗೆ ನನಗೂ ಕೆಲಸದ ಮೇಲೆ ಬೇರೆ ಊರಿಗೆ ಹೋಗುವುದಾಯಿತು, ಮನೆಯಲ್ಲಿ ಮಗು ಬಂತು. ಎಲ್ಲ ಸೇರಿ ಡಬ್ಬ ಅಟ್ಟ ಹತ್ತಿತು.

2021ರ ಮಾರ್ಚ್‌ನಲ್ಲಿ ಬಂದ ನಿಯಮಗಳು ಇನ್ನೂ ಬಿಗಿ. ಅದರಲ್ಲಿ 25 ನಮೂನೆಯ ಅರ್ಜಿಗಳು, 72 ಬಗೆಯ ಶುಲ್ಕಗಳಿದ್ದವು. ದೇಶದ ತುಂಬ ಆಕ್ಷೇಪ ಬಂತು. ಸರ್ಕಾರ ಕಿವಿಗೊಟ್ಟಿತು, ಅದನ್ನು ಮೆಚ್ಚಲೇಬೇಕು. ಅದೇ ವರ್ಷ ಆಗಸ್ಟ್ 25ಕ್ಕೆ ಹಳೆಯದನ್ನು ತೆಗೆದುಹಾಕಿ ಹೊಸ ಡ್ರೋನ್ ನಿಯಮಗಳನ್ನು ತಂದಿತು. ಅರ್ಜಿ ನಮೂನೆ 25ರಿಂದ 5ಕ್ಕೆ ಇಳಿಯಿತು, ಶುಲ್ಕದ ಬಗೆ 72ರಿಂದ 4ಕ್ಕೆ ಇಳಿಯಿತು. ನಾವು ಈಗ ಹಾರಿಸುವುದು ಈ ನಿಯಮದ ಕೆಳಗೆ. ಇದು ಬಂದು ಇಷ್ಟು ವರ್ಷವಾದರೂ ನಮ್ಮ ಜಿಲ್ಲೆಗಳಲ್ಲಿ ಇದರ ಬಗ್ಗೆ ತಿಳಿದವರು ತೀರಾ ಕಮ್ಮಿ.

ಹಾಗಾಗಿ ಒಂದಿಷ್ಟು ಇಲ್ಲೇ ಹೇಳಿಬಿಡುತ್ತೇನೆ. 250 ಗ್ರಾಂವರೆಗಿನದು ನ್ಯಾನೊ ಡ್ರೋನ್. ಅದರಿಂದ ಮೇಲೆ 2 ಕೆ.ಜಿ.ವರೆಗಿನದು ಮೈಕ್ರೊ. ನ್ಯಾನೊ ಹಾರಿಸುವುದಕ್ಕೆ ಪೈಲಟ್ ಪ್ರಮಾಣಪತ್ರ ಬೇಕಿಲ್ಲ. ಮೈಕ್ರೊ ಕೂಡ ಅಷ್ಟೇ, ಅದರಿಂದ ದುಡಿಮೆ ಮಾಡದೆ ಸುಮ್ನೆ ಖುಷಿಗೆ ಹಾರಿಸುವುದಾದರೆ ಪ್ರಮಾಣಪತ್ರ ಕೇಳುವುದಿಲ್ಲ. ನಮ್ಮ ಹಳೆಯ ಎಫ್450 ಬ್ಯಾಟರಿ ಸೇರಿಸಿದರೂ 2 ಕೆ.ಜಿ. ಮುಟ್ಟುವುದಿಲ್ಲ. ನೋಂದಣಿ ಬೇಕು, ಅದಕ್ಕೆ ಶುಲ್ಕ 100 ರೂಪಾಯಿ. ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ಮೂರು ವಲಯ ಮಾಡಿದ್ದಾರೆ. ಅದರ ನಕ್ಷೆ 2021ರ ಸೆಪ್ಟೆಂಬರ್‌ನಿಂದ ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದಲ್ಲಿದೆ, ಯಾರು ಬೇಕಾದರೂ ನೋಡಬಹುದು. ಹಸಿರಿನಲ್ಲಿ 400 ಅಡಿ ಎತ್ತರದವರೆಗೆ ಯಾರ ಅನುಮತಿಯೂ ಬೇಡ. ಹಳದಿಯಲ್ಲಿ ವಿಮಾನ ಸಂಚಾರ ನಿಯಂತ್ರಣದವರ ಅನುಮತಿ ಬೇಕು. ಕೆಂಪಿಗೆ ಕೇಂದ್ರ ಸರ್ಕಾರವೇ ಒಪ್ಪಬೇಕು, ಅದು ನಮ್ಮಂಥವರಿಗಲ್ಲ. ನಿಯಮ ಮುರಿದರೆ 1 ಲಕ್ಷ ರೂಪಾಯಿವರೆಗೆ ದಂಡ ಇದೆ.

ಇನ್ನೊಂದು ಒಳ್ಳೆಯ ಅಂಶವೂ ಇದೆ. ಕಲಿಕೆಗೆ, ಸಂಶೋಧನೆಗೆ ಅಥವಾ ಮನರಂಜನೆಗೆ ಅಂತಲೇ ಕಣ್ಣಳತೆಯೊಳಗೆ ಹಾರಿಸುವ, 25 ಕೆ.ಜಿ. ಮೀರದ ಮಾದರಿ ವಿಮಾನಗಳಿಗೆ ಮತ್ತು ಡ್ರೋನ್‌ಗಳಿಗೆ ಟೈಪ್ ಸರ್ಟಿಫಿಕೇಟ್, ಅಂದರೆ ಆ ನಮೂನೆಯ ಡ್ರೋನ್ ಮಾನದಂಡಕ್ಕೆ ಸರಿಯಿದೆ ಎಂಬ ಪ್ರಮಾಣಪತ್ರ, ಬೇಡ ಎಂದು ನಿಯಮದಲ್ಲೇ ಬರೆದಿದ್ದಾರೆ. ಅಂದರೆ ಹವ್ಯಾಸಿ ಅಂತ ಒಬ್ಬನಿದ್ದಾನೆ ಎಂಬುದನ್ನು ದೇಶದ ಕಾನೂನು ಒಪ್ಪಿಕೊಂಡಿದೆ. ತೊಡಕು ಇರುವುದು ನೋಂದಣಿಯಲ್ಲಿ. ಅರ್ಜಿಯಲ್ಲಿ ಡ್ರೋನ್‌ನ ಕ್ರಮಸಂಖ್ಯೆ, ಒಳಗಿನ ಕಂಟ್ರೋಲ್ ಬೋರ್ಡಿನ ಕ್ರಮಸಂಖ್ಯೆ, ಕೈಯಲ್ಲಿ ಹಿಡಿಯುವ ರಿಮೋಟಿನ ಕ್ರಮಸಂಖ್ಯೆ ಎಲ್ಲ ಕೇಳುತ್ತಾರೆ. ಕಂಪನಿಯಿಂದ ಬಂದ ಡ್ರೋನ್‌ಗೆ ಇದು ಸುಲಭ. ಒಂದೊಂದು ಭಾಗವನ್ನು ಒಂದೊಂದು ಕಡೆಯಿಂದ ತಂದು ಕಟ್ಟಿದವನು ಒಂದು ಸಂಜೆ ಪೂರ್ತಿ ಅದರ ಮುಂದೆ ಕೂರಬೇಕಾಗುತ್ತದೆ. ಮನೆಯಲ್ಲಿ ಕಟ್ಟಿದವರಿಗೆ ಅಂತಲೇ ಒಂದು ಸರಳ ನಮೂನೆ ಮಾಡಿದರೆ ತುಂಬಾ ಜನ ತಾವಾಗಿಯೇ ನೋಂದಾಯಿಸಿಕೊಳ್ಳುತ್ತಾರೆ.

ಹೊಸದಾಗಿ ಕೊಳ್ಳುವವರಿಗೆ ಒಂದು ಮಾತು. 2022ರ ಫೆಬ್ರುವರಿ 9ರಿಂದ ವಿದೇಶಿ ಡ್ರೋನ್‌ಗಳ ಆಮದು ನಿಷೇಧವಾಗಿದೆ. ರಕ್ಷಣೆ, ಭದ್ರತೆ ಮತ್ತು ಸಂಶೋಧನೆಗೆ ಮಾತ್ರ ವಿನಾಯಿತಿ. ಬಿಡಿಭಾಗಗಳ ಆಮದಿಗೆ ಅಡ್ಡಿಯಿಲ್ಲ. ಆದರೂ 249 ಗ್ರಾಂ ತೂಕದ ವಿದೇಶಿ ಡ್ರೋನ್‌ಗಳು ಬಿಲ್ ಇಲ್ಲದೆ ಸಿಗುತ್ತವೆ. ಅಗ್ಗ ಅಂತ ತೆಗೆದುಕೊಂಡರೆ ನಾಳೆ ನೋಂದಣಿಗೂ ಕಷ್ಟ, ಠಾಣೆಯಲ್ಲಿ ಉತ್ತರ ಕೊಡುವುದೂ ಕಷ್ಟ.

ಈಗ ಹಳೆಯ ಡಬ್ಬ ಇಳಿಸುತ್ತಿರುವವರ ವಿಷಯಕ್ಕೆ ಬರುತ್ತೇನೆ. ಮೊದಲು ನೋಡಬೇಕಾದದ್ದು ಬ್ಯಾಟರಿ. ಲಿಥಿಯಂ ಪಾಲಿಮರ್ ಬ್ಯಾಟರಿ ವರ್ಷಗಟ್ಟಲೆ ಸುಮ್ನೆ ಬಿದ್ದಿದ್ದರೆ ಉಬ್ಬಿರುವ ಸಾಧ್ಯತೆ ಜಾಸ್ತಿ. ಉಬ್ಬಿದ್ದನ್ನು ಚಾರ್ಜಿಗೆ ಹಾಕಲೇಬೇಡಿ. ಬೆಂಕಿ ಹತ್ತಿಕೊಂಡರೆ ನೀರು ಹಾಕಿ ಆರಿಸುತ್ತೇನೆ ಎಂದು ಕೂರುವ ಬೆಂಕಿಯಲ್ಲ ಅದು. ಉಬ್ಬದಿದ್ದರೂ ಒಂದೊಂದು ಸೆಲ್ಲಿನ ವೋಲ್ಟೇಜು ಅಳೆಯಿರಿ. ಪೂರ್ತಿ ತುಂಬಿದ ಸೆಲ್ಲು 4.2 ವೋಲ್ಟ್ ತೋರಿಸುತ್ತದೆ, ಎತ್ತಿಡುವಾಗ 3.8ರ ಸುತ್ತ ಇರಬೇಕು. 3ಕ್ಕಿಂತ ಕೆಳಗೆ ಇಳಿದಿದ್ದರೆ ಅದರ ಕತೆ ಮುಗಿಯಿತು, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ, ಕಸದ ಬುಟ್ಟಿಗೆ ಎಸೆಯಬೇಡಿ. ಕಸ ವಿಲೇವಾರಿ ಮಾಡುವ ಪೌರಕಾರ್ಮಿಕರ ಕೈಗೆ ಅದು ಹೋಗಬಾರದು. ನಾನು ಈಗ ಚಾರ್ಜು ಮಾಡುವುದು ಅಂಗಳದಲ್ಲಿ, ಮಣ್ಣಿನ ಕುಂಡದೊಳಗೆ ಇಟ್ಟು, ಪಕ್ಕದಲ್ಲೇ ಕೂತು.

ಆಮೇಲೆ ರೆಕ್ಕೆಗಳು. ಹಳೆಯ ಪ್ಲಾಸ್ಟಿಕ್ ರೆಕ್ಕೆ ನೋಡಲು ಚೆನ್ನಾಗಿಯೇ ಇರುತ್ತದೆ. ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿರುತ್ತದೆ. ಅದು ವೇಗದಲ್ಲಿ ತಿರುಗುವಾಗ ಮುರಿದರೆ ಕಣ್ಣಿಗೇ ಅಪಾಯ. ಹಳೆಯದನ್ನೆಲ್ಲ ಬಿಸಾಡಿ ಹೊಸದು ಹಾಕಿ, ದೊಡ್ಡ ಖರ್ಚೇನಿಲ್ಲ. ಮಲೆನಾಡಿನವರಾದರೆ ಕನೆಕ್ಟರುಗಳನ್ನೂ ನೋಡಿ. ನಮ್ಮ ಮಳೆಗಾಲದ ತೇವಕ್ಕೆ ತಾಮ್ರ ಹಸಿರು ಹಿಡಿದಿರುತ್ತದೆ. ಮೋಟಾರನ್ನು ಕೈಯಲ್ಲಿ ತಿರುಗಿಸಿದರೆ ಕರಕರ ಅಂದರೆ ಬೇರಿಂಗ್ ಹೋಗಿದೆ ಎಂದೇ ಅರ್ಥ.

ಬೆರಳುಗಳ ವಿಷಯ ಬೇರೆ. ಕಂಪ್ಯೂಟರಿನಲ್ಲಿ ಸಿಮ್ಯುಲೇಟರ್ ಹಾಕಿ, ರಿಮೋಟನ್ನು ಯುಎಸ್‌ಬಿಗೆ ಜೋಡಿಸಿ, ರಾತ್ರಿ ಮಗು ಮಲಗಿದ ಮೇಲೆ ಅಭ್ಯಾಸ ಮಾಡಿದೆ. ಮೇಲೇರಿಸುವುದು, ನಿಲ್ಲಿಸುವುದು ಬೇಗ ಬಂತು. ಡ್ರೋನ್ ನಮ್ಮ ಕಡೆ ಮುಖ ಮಾಡಿ ಬರುವಾಗ ಎಡಬಲ ಅದಲುಬದಲು ಆಗುತ್ತದಲ್ಲ, ಕನ್ನಡಿ ನೋಡಿಕೊಂಡು ಕೂದಲು ಕತ್ತರಿಸಿಕೊಳ್ಳುವ ಹಾಗೆ, ಅದು ಮಾತ್ರ ಹೊಸದಾಗಿ ಕಲಿಯಬೇಕಾಯಿತು. ಎಷ್ಟೇ ಹಳಬರಾದರೂ ಇದನ್ನು ಸಿಮ್ಯುಲೇಟರಿನಲ್ಲೇ ಮಾಡಿ, ಬಯಲಿಗೆ ಆಮೇಲೆ ಹೋಗಿ. ಈಗಿನ ಜಿಪಿಎಸ್ ಡ್ರೋನ್‌ಗಳು ಕೈ ಬಿಟ್ಟರೂ ನಿಂತಲ್ಲೇ ನಿಲ್ಲುತ್ತವೆ, ಸಿಗ್ನಲ್ ಹೋದರೆ ತಾವೇ ಹೊರಟ ಜಾಗಕ್ಕೆ ಹಿಂದಿರುಗುತ್ತವೆ. ಅದನ್ನೇ ನಂಬಿ ಕೈ ಪಳಗಿಸದಿದ್ದವರು ಜಿಪಿಎಸ್ ಕೈಕೊಟ್ಟ ದಿನ ಏನು ಮಾಡುತ್ತಾರೆ ಅನ್ನುವ ಆತಂಕ ನನಗಿದೆ.

ಸಾಮಾನು ಮಾತ್ರ ನಂಬಲಾಗದಷ್ಟು ಬದಲಾಗಿದೆ. ನಮ್ಮ ಕಾಲದ ರಿಮೋಟು ಒಂದು ಮಟ್ಟದ ದೂರಕ್ಕೆ ಕೊಸರಾಡುತ್ತಿತ್ತು. ಈಗ ಎಕ್ಸ್‌ಪ್ರೆಸ್ ಎಲ್‌ಆರ್‌ಎಸ್ ಅಂತ ಬಂದಿದೆ. ರಿಮೋಟಿಗೂ ಡ್ರೋನ್‌ಗೂ ಸಂಪರ್ಕ ಕೊಡುವ, ಹವ್ಯಾಸಿಗಳೇ ಸೇರಿ ಬರೆದ, ಯಾರು ಬೇಕಾದರೂ ಬಳಸಬಹುದಾದ ತಂತ್ರಾಂಶ ಅದು. ಪುಟ್ಟ ರಿಸೀವರು ಬೆರಳ ತುದಿಯಷ್ಟಿದೆ, ಸಂಪರ್ಕ ಕಲ್ಲಿನ ಹಾಗೆ ಗಟ್ಟಿ. ಡ್ರೋನ್‌ನ ಕಣ್ಣಿಂದ ನೋಡುತ್ತಾ ಹಾರಿಸುವ ಕನ್ನಡಕಗಳಲ್ಲಿ ಆಗ ಹಳೇ ಟಿವಿಯ ಹಾಗೆ ಇರುವೆ ಓಡಾಡುತ್ತಿತ್ತು, ಈಗ ಸಿನಿಮಾ ನೋಡಿದ ಹಾಗಿದೆ. ಕನ್ನಡಕ ಹಾಕಿ ಹಾರಿಸುವಾಗ ಡ್ರೋನ್ ಮೇಲೆ ಬರಿಗಣ್ಣಿನಲ್ಲಿ ನಿಗಾ ಇಡಲು ಪಕ್ಕದಲ್ಲಿ ಒಬ್ಬರು ಇರಲೇಬೇಕು. ನಾನು ಒಬ್ಬನೇ ಹೋದ ದಿನ ಕನ್ನಡಕದ ಚೀಲ ಬಿಚ್ಚುವುದೇ ಇಲ್ಲ.

ಇಷ್ಟೆಲ್ಲ ಸರಿ ಮಾಡಿಕೊಂಡು ಹೊರಟರೆ ಹಾರಿಸುವುದಕ್ಕೆ ಜಾಗ ಎಲ್ಲಿದೆ?

ನಾವು ಹಿಂದೆ ಹಾರಿಸುತ್ತಿದ್ದ ಬಯಲು ಸೋಗಾನೆಯ ದಿಕ್ಕಿನಲ್ಲಿತ್ತು. 2023ರ ಫೆಬ್ರುವರಿ 27ರಂದು ಅಲ್ಲಿ ವಿಮಾನ ನಿಲ್ದಾಣದ ಉದ್ಘಾಟನೆ ಆಯಿತು. ಆಗಸ್ಟ್ 31ರಿಂದ ವಿಮಾನ ಓಡಾಟವೂ ಶುರುವಾಯಿತು. 3.2 ಕಿ.ಮೀ. ಉದ್ದದ ರನ್‌ವೇ, ಬೆಂಗಳೂರು ಬಿಟ್ಟರೆ ರಾಜ್ಯದಲ್ಲೇ ಉದ್ದದ್ದು. ಕುವೆಂಪು ಅವರ ಹೆಸರು ಹೊತ್ತ ನಿಲ್ದಾಣ ನಮ್ಮ ಊರಿಗೆ ಬಂದದ್ದು ನನಗೆ ಹೆಮ್ಮೆ. ವಿಮಾನ ಇಳಿಯುವ ದಾರಿಯಲ್ಲಿ ಡ್ರೋನ್ ಇರಬಾರದು ಅನ್ನುವುದರಲ್ಲಿ ಎರಡು ಮಾತಿಲ್ಲ. ನಿಲ್ದಾಣದ ಗಡಿಯಿಂದ 8 ಕಿ.ಮೀ.ಯಿಂದ 12 ಕಿ.ಮೀ.ವರೆಗೆ 200 ಅಡಿ ಎತ್ತರದವರೆಗೆ ಮಾತ್ರ ಹಸಿರು, 8 ಕಿ.ಮೀ. ಒಳಗೆ ನಮಗೆ ಹಸಿರು ಇಲ್ಲ. ಹಳೆಯ ಬಯಲು ಈಗ ಆ ಒಳಗಿನ ವೃತ್ತದಲ್ಲಿದೆ. ಹೋಗಲಿ, ಬಿಟ್ಟೆವು.

ಬೇರೆ ಕಡೆ ನೋಡೋಣ ಎಂದರೆ ಒಂದು ದಿಕ್ಕಿಗೆ ಕಾಡು. ಭದ್ರಾ ಹುಲಿ ಸಂರಕ್ಷಿತ ಪ್ರದೇಶ, ಸಕ್ರೆಬೈಲಿನ ಆನೆ ಬಿಡಾರ, ತುಂಗೆಯ ನಡುಗಡ್ಡೆಯ ಮರಗಳಲ್ಲಿ ಮಳೆಗಾಲಕ್ಕೆ ಹಕ್ಕಿಗಳು ಗೂಡು ಕಟ್ಟುವ ಮಂಡಗದ್ದೆ. ಅಲ್ಲೆಲ್ಲ ಹಾರಿಸಲೇಬಾರದು. ಅನುಮತಿಯ ಮಾತು ಹಾಗಿರಲಿ, ಮರಿ ಇರುವ ಗೂಡಿನ ಮೇಲೆ ಆ ಸದ್ದು ಮಾಡುವುದಕ್ಕೆ ಮನಸ್ಸಾದರೂ ಹೇಗೆ ಬರುತ್ತದೆ? ಇನ್ನೊಂದು ದಿಕ್ಕಿಗೆ ತೋಟ, ಗದ್ದೆ. ಅಡಿಕೆ ತೋಟದ ಮೇಲೆ ಹಾರಿಸಿ ಅದು ಮರದ ತಲೆಯ ಮೇಲೆ ಸಿಕ್ಕಿಕೊಂಡರೆ ಇಳಿಸುವುದಕ್ಕೆ ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗಾರರನ್ನೇ ಕರೆಯಬೇಕು, ಅವರು ಸಿಗುವುದೇ ಕಷ್ಟವಾಗಿರುವ ಕಾಲ ಇದು. ಶಾಲೆ ಕಾಲೇಜಿನ ಆಟದ ಮೈದಾನ ಎಂದರೆ ಭಾನುವಾರ ಕ್ರಿಕೆಟ್. ಆಡುವ ಮಕ್ಕಳ ತಲೆಯ ಮೇಲೆ ಹಾರಿಸಬಾರದು.

ಕೊನೆಗೆ ಬೆಳೆ ಕಟಾವಾದ ಹೊಲ ಒಂದನ್ನು ಮಾಲೀಕರನ್ನು ಕೇಳಿ ಹಿಡಿದೆವು. ‘ಹಾರ್ಸಿ ಮಾರಾಯ್ರೆ, ದನಗಳು ಬೆದರದಂಗೆ ನೋಡ್ಕಳಿ ಅಷ್ಟೇ’ ಅಂದರು ಆ ಹಿರಿಯರು. ನಕ್ಷೆಯಲ್ಲಿ ಹಸಿರು ವಲಯ. ನಾವು ಹಾರಿಸುತ್ತಿದ್ದದ್ದು ಮರದೆತ್ತರಕ್ಕಿಂತ ಸ್ವಲ್ಪ ಮೇಲೆ. ಆದರೂ ಯಾರೋ ಫೋನ್ ಮಾಡಿದರು, ಬೈಕಿನಲ್ಲಿ ಇಬ್ಬರು ಪೊಲೀಸರು ಬಂದರು. ಸಭ್ಯವಾಗಿಯೇ ಮಾತಾಡಿದರು, ಅದನ್ನು ಹೇಳಬೇಕು. ‘ಸಾರ್, ಇದಕ್ಕೆ ಪರ್ಮಿಷನ್ ಇದೆಯಾ?’ ಹಸಿರು ವಲಯದಲ್ಲಿ ಬೇಡ ಸರ್ ಎಂದು ನೋಂದಣಿ ಕಾಗದ, ನಕ್ಷೆ ಎರಡನ್ನೂ ತೋರಿಸಿದೆ. ‘ಅದೆಲ್ಲ ನಮಗೆ ಗೊತ್ತಿಲ್ಲ ಸಾರ್, ಡ್ರೋನ್ ಬ್ಯಾನ್ ಅಂತ ಪೇಪರಲ್ಲೇ ಬಂದಿದೆಯಲ್ಲ’ ಅಂದರು. ಆ ಸುದ್ದಿ ಬಂದದ್ದು ತಿಂಗಳುಗಳ ಹಿಂದೆ, ಯಾವುದೋ ಮೆರವಣಿಗೆಯ ಬಗ್ಗೆ. ಅವತ್ತು ಮಡಚಿಕೊಂಡು ಮನೆಗೆ ಬಂದೆವು. ಅವರ ಮೇಲೆ ನನಗೆ ಕೋಪ ಇಲ್ಲ. ಹೊಲದಲ್ಲಿ ಡ್ರೋನ್ ಹಾರುತ್ತಿದೆ ಎಂದು ಫೋನ್ ಬಂದ ಮೇಲೆ ಅವರು ಬರಲೇಬೇಕು. 2021ರ ಜೂನ್‌ನಲ್ಲಿ ಜಮ್ಮುವಿನ ವಾಯುನೆಲೆಯ ಮೇಲೆ ಡ್ರೋನ್ ದಾಳಿ ಆಯಿತು. 2025ರ ಮೇ ತಿಂಗಳಲ್ಲಿ ಗಡಿಯಾಚೆಯಿಂದ ಡ್ರೋನ್‌ಗಳು ಬಂದದ್ದನ್ನು ಇಡೀ ದೇಶ ಟಿವಿಯಲ್ಲಿ ನೋಡಿದೆ. ಜನ ಅಂಜುವುದು ಸಹಜ. ಅವರ ಕೈಗೆ ನಿಯಮವನ್ನು ಯಾರೂ ಕನ್ನಡದಲ್ಲಿ ಕೊಟ್ಟಿಲ್ಲ ಅನ್ನುವುದೇ ನನ್ನ ದೂರು.

ತಾತ್ಕಾಲಿಕ ನಿಷೇಧಕ್ಕೂ ನಿಯಮದಲ್ಲಿ ಒಂದು ಕ್ರಮ ಇದೆ, ಇದು ಗೊತ್ತಿರುವವರೇ ಕಮ್ಮಿ. ತುರ್ತು ಇದ್ದಾಗ ರಾಜ್ಯ ಸರ್ಕಾರ, ಕೇಂದ್ರಾಡಳಿತ ಪ್ರದೇಶ ಅಥವಾ ಕಾನೂನು ಜಾರಿ ಮಾಡುವ ಸಂಸ್ಥೆ ಒಂದು ಜಾಗವನ್ನು ತಾತ್ಕಾಲಿಕ ಕೆಂಪು ವಲಯ ಎಂದು ಘೋಷಿಸಬಹುದು. ಒಂದು ಸಲಕ್ಕೆ 96 ಗಂಟೆ ಮೀರುವ ಹಾಗಿಲ್ಲ. ಆದೇಶ ಕೊಡುವವರು ಪೊಲೀಸ್ ಸೂಪರಿಂಟೆಂಡೆಂಟ್ ದರ್ಜೆಗಿಂತ ಕೆಳಗಿನವರಾಗಿರಬಾರದು. ಡಿಜಿಟಲ್ ಸ್ಕೈಯಲ್ಲಿ ಅದು ಕಾಣಬೇಕು. ವಲಯ ಎಷ್ಟು ಅಗತ್ಯವೋ ಅಷ್ಟೇ ದೊಡ್ಡದಿರಬೇಕು. ಎಷ್ಟು ಚೊಕ್ಕವಾದ ನಿಯಮ ಅಲ್ವಾ? ಸಂಪಾದಕರೇ, ನನ್ನ ಮೊದಲ ಕೋರಿಕೆ ನಿಮ್ಮಲ್ಲೇ. ಇನ್ನು ಮುಂದೆ ‘ಡ್ರೋನ್ ನಿಷೇಧ’ ಎಂದು ಸುದ್ದಿ ಹಾಕುವಾಗ ಯಾವ ಬಡಾವಣೆ ಅಥವಾ ಯಾವ ಹಳ್ಳಿ, ಸುತ್ತ ಎಷ್ಟು ಕಿ.ಮೀ., ಯಾವತ್ತು ಎಷ್ಟು ಗಂಟೆಗೆ ಶುರು, ಯಾವತ್ತು ಎಷ್ಟು ಗಂಟೆಗೆ ಮುಗಿಯುತ್ತದೆ ಎಂದು ನಿಮ್ಮ ವರದಿಗಾರರು ಕೇಳಿ ಬರೆಯಲಿ. ಆದೇಶದಲ್ಲಿ ಅದು ಇಲ್ಲದಿದ್ದರೆ, ಇಲ್ಲ ಎಂದೇ ಬರೆಯಲಿ.

ಎರಡನೆಯದು ಜಿಲ್ಲಾಡಳಿತಕ್ಕೆ. ಪ್ರತಿ ಜಿಲ್ಲೆಯಲ್ಲಿ ಡ್ರೋನ್ ಮತ್ತು ಮಾದರಿ ವಿಮಾನ ಹಾರಿಸುವುದಕ್ಕೆ ಒಂದು ಬಯಲು ಗುರುತಿಸಿ. ನಾವು ಕಟ್ಟಡ ಕೇಳುತ್ತಿಲ್ಲ. ಹಸಿರು ವಲಯದ ಒಳಗಿನ, ವಿದ್ಯುತ್ ತಂತಿ ಇಲ್ಲದ, ಕಾಡಿಗೆ ಅಂಟಿಕೊಳ್ಳದ ಒಂದು ಸರ್ಕಾರಿ ಜಾಗ. ಭಾನುವಾರ ಬೆಳಿಗ್ಗೆ 6ರಿಂದ 10ರವರೆಗೆ ಸಾಕು. ಗಾಳಿ ಏಳುವ ಮೊದಲು ನಮ್ಮ ಹಾರಾಟ ಮುಗಿದಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಮಳೆಯಲ್ಲಿ ಹೇಗೂ ಹಾರಿಸುವುದಿಲ್ಲ, ಜಾಗ ಬೇರೆಯವರಿಗೆ ಬಳಕೆಯಾಗಲಿ. ಒಂದು ಫಲಕ, ಅದರಲ್ಲಿ ಕನ್ನಡದಲ್ಲಿ ನಿಯಮ, ಬಂದವರು ನೋಂದಣಿ ಸಂಖ್ಯೆ ಬರೆಯುವ ಒಂದು ಪುಸ್ತಕ. ಪೊಲೀಸರಿಗೂ ಇದರಿಂದ ಅನುಕೂಲವೇ. ಯಾರು ಹಾರಿಸುತ್ತಾರೆ, ಏನು ಹಾರಿಸುತ್ತಾರೆ ಎಂದು ಅವರಿಗೆ ಒಂದೇ ಕಡೆ ತಿಳಿಯುತ್ತದೆ. ಬೆಂಗಳೂರಿನವರ ಪಾಡು ನಮಗಿಂತ ಬಿಗಿ. ಒಂದು ಕಡೆ ಎಚ್‌ಎಎಲ್, ಇನ್ನೊಂದು ಕಡೆ ಯಲಹಂಕ ವಾಯುನೆಲೆ, ನಡುವೆ ಜಕ್ಕೂರು, ಆಚೆ ದೇವನಹಳ್ಳಿ. ಏರೋ ಇಂಡಿಯಾ ನಡೆಯುವ, ಎನ್‌ಎಎಲ್ ಮತ್ತು ಐಐಎಸ್‌ಸಿ ಇರುವ ಊರಿನ ಮಗು ಒಂದು ಪುಟ್ಟ ಡ್ರೋನ್ ಹಾರಿಸಬೇಕೆಂದರೆ ಅಪ್ಪನ ಜೊತೆ ಕಾರಿನಲ್ಲಿ ಊರಾಚೆ ಹೋಗಬೇಕು. ಕಾರು ಇಲ್ಲದ ಮನೆಯ ಮಗು?

ಸರ್ಕಾರಕ್ಕೆ ಡ್ರೋನ್ ಬೇಡವಾಗಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿಯನ್ನು ಎಲ್ಲ ಡ್ರೋನ್‌ಗಳಿಗೂ ಶೇ 5ಕ್ಕೆ ಇಳಿಸಿದರು. ಸ್ವಂತ ಬಳಕೆಯದಕ್ಕೆ ಮೊದಲು ಶೇ 28 ಇತ್ತು. ನಮೋ ಡ್ರೋನ್ ದೀದಿ ಯೋಜನೆಯಲ್ಲಿ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುತ್ತೇವೆ ಎಂದು 1,261 ಕೋಟಿ ರೂಪಾಯಿ ಇಟ್ಟಿದ್ದಾರೆ. ಬೆಲೆಯ ಶೇ 80ರಷ್ಟು, 8 ಲಕ್ಷದವರೆಗೆ ಸಹಾಯಧನ. ಹಳ್ಳಿಯ ಹೆಣ್ಣುಮಕ್ಕಳು ಗದ್ದೆಯ ಬದುವಿನಲ್ಲಿ ನಿಂತು ಡ್ರೋನ್ ಹಾರಿಸುವುದನ್ನು ನೋಡಿದರೆ ನನಗೆ ತುಂಬಾ ಸಂತೋಷ. ಆದರೆ ಆ ಡ್ರೋನ್ ಕೆಟ್ಟು ನಿಂತಾಗ ಸರಿ ಮಾಡುವವರು ಯಾರು? ಮೋಟಾರು ಸುಟ್ಟಿದೆಯೋ, ಇಎಸ್‌ಸಿ ಹೋಗಿದೆಯೋ, ದಿಕ್ಸೂಚಿ ಎಡವಿದೆಯೋ ಎಂದು ಶಬ್ದ ಕೇಳಿಯೇ ಹೇಳುವವನು ತಾಲ್ಲೂಕಿಗೆ ಒಬ್ಬ ಬೇಕು. ಅಂಥವನು ಕೆಲವು ದಿನದ ತರಬೇತಿಯಲ್ಲಿ ತಯಾರಾಗುವುದಿಲ್ಲ. ಬೀಳಿಸಿ, ಬಿಚ್ಚಿ, ಮತ್ತೆ ಕಟ್ಟಿ ಹಾರಿಸಿದ ಹವ್ಯಾಸಿಗಳಿಂದಲೇ ಅಂಥವರು ಬರುತ್ತಾರೆ. ನಮ್ಮ ಕಡೆ ಅಡಿಕೆಯ ಕೊಳೆರೋಗಕ್ಕೆ ಡ್ರೋನ್‌ನಲ್ಲಿ ಬೋರ್ಡೋ ದ್ರಾವಣ ಹೊಡೆಯುವ ಮಾತು ಎಲ್ಲ ಕಡೆ ಇದೆ. ಔಷಧಿ ಬೀಳಬೇಕಾದದ್ದು ಗೊನೆಗೆ, ಗೊನೆ ಇರುವುದು ಸೋಗೆಯ ಕೆಳಗೆ, ಡ್ರೋನ್ ಹೊಡೆಯುವುದು ಮೇಲಿನಿಂದ. ಇದನ್ನು ಬಿಡಿಸಬಲ್ಲವರು ತೋಟವನ್ನೂ ಬಲ್ಲ, ಡ್ರೋನನ್ನೂ ಬಲ್ಲ ಇಲ್ಲಿಯ ಹುಡುಗ ಹುಡುಗಿಯರೇ. ಅವರಿಗೆ ಕೈ ಪಳಗಿಸುವ ಜಾಗ ಬೇಕು.

ಇನ್ನೊಂದು ಆತಂಕವನ್ನೂ ಹೇಳಿಬಿಡುತ್ತೇನೆ. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯ ನಾಗರಿಕ ಡ್ರೋನ್ ಮಸೂದೆಯ ಕರಡು ಪ್ರಕಟಿಸಿ ಜನರ ಅಭಿಪ್ರಾಯ ಕೇಳಿತು. ಅದರಲ್ಲಿ ಕಡ್ಡಾಯ ವಿಮೆ, ತಪಾಸಣೆ ಮತ್ತು ಜಪ್ತಿಯ ಅಧಿಕಾರ, ಜೈಲು ಶಿಕ್ಷೆ ಎಲ್ಲ ಇತ್ತು. ಕೆಟ್ಟ ಉದ್ದೇಶಕ್ಕೆ ಬಳಸುವವರಿಗೆ ಕಠಿಣ ಶಿಕ್ಷೆ ಆಗಲಿ, ನನ್ನ ತಕರಾರಿಲ್ಲ. ಮನೆಯಲ್ಲಿ ಡ್ರೋನ್ ಕಟ್ಟಿ ಹೊಲದಲ್ಲಿ ಹಾರಿಸುವ ಪಿಯುಸಿ ಹುಡುಗಿ ಮತ್ತು ಜೈಲಿನ ಗೋಡೆಯಾಚೆ ಸಾಮಾನು ಎಸೆಯುವವನು ಒಂದೇ ಕಲಮಿನ ಕೆಳಗೆ ಬರಬಾರದು. 2021ರ ನಿಯಮ ಹವ್ಯಾಸಿಗೆ ಕೊಟ್ಟ ಜಾಗವನ್ನು ಮುಂದೆ ಬರುವ ಯಾವ ಕಾಯ್ದೆಯೂ ಕಿತ್ತುಕೊಳ್ಳಬಾರದು. ನಮ್ಮ ಸಂಸದರು ಇದನ್ನು ಗಮನಿಸಬೇಕು ಎಂದು ಕೇಳಿಕೊಳ್ಳುತ್ತೇನೆ.

ನಮ್ಮ ಕಡೆಯಿಂದಲೂ ಜವಾಬ್ದಾರಿ ಇದೆ. ಪಕ್ಕದ ಮನೆಯ ಮಹಡಿಯ ಮೇಲೆ ಹಾರಿಸಿದರೆ ಯಾರಿಗಾದರೂ ಸಿಟ್ಟು ಬರುತ್ತದೆ, ಬರಲೇಬೇಕು. ಬಟ್ಟೆ ಒಣಹಾಕುವ ಹೆಂಗಸರಿಗೆ ಆ ಕ್ಯಾಮೆರಾ ಏನು ನೋಡುತ್ತಿದೆ ಎಂದು ಹೇಗೆ ಗೊತ್ತಾಗಬೇಕು? ಹವ್ಯಾಸಕ್ಕೆ ಹಾರಿಸುವವರು ಕ್ಯಾಮೆರಾ ಬೇಡದ ಕಡೆ ಬಿಚ್ಚಿಟ್ಟೇ ಹಾರಿಸಿ. ಹದ್ದು ಮೇಲೆ ಸುತ್ತುವುದು ಕಂಡರೆ ಕೂಡಲೇ ಇಳಿಸಿ, ಅದು ಅದರ ಆಕಾಶ. ಬಸ್ಸು, ಜನ, ದನ ಇರುವ ಕಡೆ ಬೇಡ. ನಮ್ಮಲ್ಲೊಬ್ಬ ಅಡ್ಡಾದಿಡ್ಡಿ ಹಾರಿಸಿದರೆ ಮರುದಿನ ಊರಿಗೆ ಊರೇ ನಮ್ಮೆಲ್ಲರನ್ನೂ ಅನುಮಾನದಿಂದ ನೋಡುತ್ತದೆ.

ಶಿವಮೊಗ್ಗ, ಭದ್ರಾವತಿ, ಶಿಕಾರಿಪುರ, ಸಾಗರದ ಕಡೆ ಮತ್ತೆ ಹಾರಿಸಲು ಶುರು ಮಾಡಿರುವವರು, ಹೊಸದಾಗಿ ಕಲಿಯಬೇಕು ಎನ್ನುವವರು ಇದ್ದರೆ ದಯವಿಟ್ಟು ಈ ಅಂಕಣಕ್ಕೇ ಬರೆಯಿರಿ. ನಿಮ್ಮ ತಾಲ್ಲೂಕಿನಲ್ಲಿ ನಕ್ಷೆಯ ಪ್ರಕಾರ ಹಸಿರು ವಲಯದಲ್ಲಿರುವ, ಖಾಲಿ ಬಿದ್ದಿರುವ ಸರ್ಕಾರಿ ಬಯಲು ಯಾವುದು ಎಂದೂ ತಿಳಿಸಿ. ನಾಲ್ಕೈದು ಹೆಸರು ಸೇರಿದರೆ ನಾವೇ ಅರ್ಜಿ ಹಿಡಿದು ಜಿಲ್ಲಾಧಿಕಾರಿ ಕಚೇರಿಗೆ ಹೋಗುತ್ತೇವೆ. ನಿಯಮಗಳ ಕನ್ನಡ ಪ್ರತಿಯನ್ನು ಒಂದು ಹಾಳೆಗೆ ಇಳಿಸಿ ಬರೆದುಕೊಡಲು ನಾನು ಸಿದ್ಧ. ಪೊಲೀಸ್ ಇಲಾಖೆಯವರು ತಿದ್ದಿ ಒಪ್ಪಿದರೆ ಅದನ್ನು ಎಲ್ಲ ಠಾಣೆಗಳಲ್ಲಿ ಅಂಟಿಸಲಿ, ನೀವೂ ಒಂದು ದಿನ ಅಚ್ಚು ಹಾಕಿ.

ಇಂತಿ,
ಒಬ್ಬ ಡ್ರೋನ್ ಹವ್ಯಾಸಿ
ಶಿವಮೊಗ್ಗ